ಎಲೆಯ ಬೆನ್ನಿಗೆ ಮೂರು ಕೋಟ್

ನನ್ನತ್ತೆ, ಅಂದರೆ ಅಪ್ಪನ ತಂಗಿ, ಜೀವಮಾನದಲ್ಲಿ ಒಂದು ಆಟ ಇಸ್ಪೀಟ್ ಆಡಿದವಳಲ್ಲ. ಆದರೂ ಅವಳ ಮನೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಇಸ್ಪೀಟ್ ಎಲೆಗಳೇ. ಊಟದ ಮೇಜು, ಕಿಟಕಿಯ ಕಟ್ಟೆ, ಒಮ್ಮೊಮ್ಮೆ ಇಸ್ತ್ರಿ ಮಾಡಿಟ್ಟ ಬಟ್ಟೆಯ ಮೇಲೂ ಬೋರಲು ಮಲಗಿ ಒಣಗುತ್ತಿರುತ್ತವೆ. ಬಾಡಿಗೆಗೆ ಬಂದ ಮೂರನೆಯ ದಿನ ಇದನ್ನು ನೋಡಿದ ಮನೆಮಾಲೀಕ, ಇದು ಸಂಸಾರಸ್ಥರಿರುವ ಮನೆ ಎಂದು ಗದರಿಸಿ ಹೋಗಿದ್ದನಂತೆ. ಅತ್ತೆ ಇವತ್ತಿಗೂ ಅದನ್ನು ಹೊಟ್ಟೆ ಹಿಡಿದುಕೊಂಡು ನಕ್ಕು ಹೇಳುತ್ತಾಳೆ.

ಮಾವ ಜಾದೂಗಾರರು. ಅವರ ಎಲೆಗಳನ್ನು ತಯಾರು ಮಾಡುವುದು, ಸುಸ್ಥಿತಿಯಲ್ಲಿಡುವುದು ಅತ್ತೆಯ ಕೆಲಸ. ಮದುವೆಗೆ ಮೊದಲು ಪುಸ್ತಕಕ್ಕೆ ಬೈಂಡ್ ಹಾಕುವ ಅಂಗಡಿಯಲ್ಲಿದ್ದವಳು. ಕಾಗದ ಅವಳ ಮಾತು ಕೇಳುತ್ತದೆ, ನಾವ್ಯಾರೂ ಕೇಳದಿದ್ದರೂ.

ಮಾವನ ಹೆಸರುವಾಸಿ ಆಟವೊಂದಿದೆ. ಯಾವುದಾದರೂ ಎಲೆ ಹೇಳಿ ಎನ್ನುತ್ತಾರೆ. ನೀವು ಆಟಿನ್ ರಾಣಿ ಎನ್ನುತ್ತೀರಿ. ಕಟ್ಟು ಹರಡಿದರೆ ಎಲ್ಲ ಎಲೆಗಳೂ ಮುಖ ತೋರಿಸುತ್ತಿರುತ್ತವೆ, ಒಂದು ಮಾತ್ರ ಬೋರಲು. ತಿರುಗಿಸಿದರೆ ಅದೇ ಆಟಿನ್ ರಾಣಿ. ಗುಟ್ಟು ಇಷ್ಟೇ (ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ): ಎಲೆಗಳು ಎರಡೆರಡಾಗಿ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಬೆನ್ನಿಗೆ ಹೊಳಪಿಲ್ಲದ ವಾರ್ನಿಷ್ ಹೊಡೆದು ಕೊಂಚ ತರಿ ಮಾಡಿರುವುದರಿಂದ ಜೋಡಿ ಒಂದನ್ನೊಂದು ಬಿಡುವುದಿಲ್ಲ. ಬೇಕಾದ ಜೋಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಅದೊಂದೇ ಬಿಚ್ಚಿಕೊಳ್ಳುತ್ತದೆ.

ಬೆರಳಿನ ಜಿಡ್ಡು, ಬೆವರು ತಗುಲಿ ತರಿ ಸವೆಯುತ್ತದೆ. ತಿಂಗಳಿಗೊಮ್ಮೆ ಅತ್ತೆ ಒಣ ಹತ್ತಿಯಿಂದ ಒರೆಸಿ, ಹೊಸದಾಗಿ ವಾರ್ನಿಷ್ ಹೊಡೆದು, ಒಣಗಿಸಿ, ಹಲಗೆಗಳ ನಡುವೆ ಬಿಗಿದಿಡುತ್ತಾಳೆ. ಆಮೇಲೆ ಒಂದೊಂದು ಜೋಡಿಯನ್ನೂ ಕಿವಿಯ ಹತ್ತಿರ ಹಿಡಿದು ಸರಿಸುತ್ತಾಳೆ. ಸರಿಯಿದೆಯೋ ಇಲ್ಲವೋ ಅವಳಿಗೆ ಹೇಳುವುದು ಆ ಸದ್ದು. ಅವಳು ಹಾಗೆ ಕಣ್ಣು ಮುಚ್ಚಿ ಕೂತಾಗ ನಾನು ಉಸಿರು ಬಿಗಿಹಿಡಿದಿರುತ್ತೇನೆ.

ಹೋದ ವರ್ಷ ಅತ್ತೆಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆಸ್ಪತ್ರೆಯವರು ಇದ್ದಕ್ಕಿದ್ದಂತೆ ಎರಡು ದಿನ ಮೊದಲೇ ಕರೆದುಬಿಟ್ಟರು. ಭಾನುವಾರ ವಾಚನಾಲಯದಲ್ಲಿ ಮಕ್ಕಳಿಗೆ ಮಾವನ ಪ್ರದರ್ಶನ. ಇಪ್ಪತ್ತೆರಡು ವರ್ಷದಿಂದ ತಪ್ಪಿಸಿದ್ದಿಲ್ಲ; ಉಳಿದ ಪ್ರದರ್ಶನಗಳು ಒಂದೊಂದಾಗಿ ನಿಂತು ಅವರಿಗೆ ಉಳಿದದ್ದು ಅದೊಂದೇ. ಎಲೆ ನೋಡಿದರೆ ಸವೆದುಹೋಗಿತ್ತು. ನಾನಿದ್ದೇನಲ್ಲ, ಮಹಾ ಬುದ್ಧಿವಂತೆ! ಯಾರನ್ನೂ ಕೇಳದೆ ಅತ್ತೆಯ ತಗಡಿನ ಪೆಟ್ಟಿಗೆ ತೆರೆದೆ. ಮುಚ್ಚಳದ ಒಳಗೆ ಮಾವನ ಹಳೆಯ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿತ್ತು: ‘ಬೆನ್ನಿಗೆ ಒಂದು ಕೋಟ್. ಅರ್ಧ ದಿನ ಒಣಗಲಿ.’ ಅಕ್ಷರ ತಪ್ಪದೆ ಹಾಗೇ ಮಾಡಿದೆ.

ಅತ್ತೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ ದಿನ, ಅವಳ ಮನಸ್ಸಿಗೆ ಖುಷಿಯಾಗಲೆಂದು ಮಾವ ಅದೇ ಆಟ ತೋರಿಸಲು ನಿಂತರು. ನಾನು ಕಳಾವರ್ ಗುಲಾಮ ಎಂದೆ. ಕಟ್ಟು ಹರಡಿದರೆ ಮೂರು ಎಲೆ ಬೋರಲು. ಇನ್ನೊಮ್ಮೆ ಮಾಡಿದರು, ಐದು. ಚೀಟಿಯಲ್ಲಿದ್ದಂತೆಯೇ ಮಾಡಿದ್ದೇನೆ ಎಂದು ನಾನು ತೊದಲಿದೆ. ಮಾವ ಎಲೆಗಳನ್ನು ಮೇಜಿನ ಮೇಲಿಟ್ಟು ತಮ್ಮ ಕೈಗಳನ್ನೇ ನೋಡಿಕೊಂಡರು. ಬೆರಳುಗಳು ನಡುಗುತ್ತಿದ್ದವು. ಅಷ್ಟು ದಿನ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಭಾನುವಾರ ಬರುವುದಿಲ್ಲವೆಂದು ವಾಚನಾಲಯಕ್ಕೆ ತಿಳಿಸು ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅತ್ತೆ ಕುರ್ಚಿ ಎಳೆದು ಎದುರು ಕೂತಳು.

“ರೀ, ನಿಮ್ಮ ಕೈ ನಡುಗೋದಕ್ಕೆ ಶುರುವಾಗಿ ಆರು ವರ್ಷ ಆಯ್ತು. ಮೊದಲು ಎರಡು ಕೋಟ್ ಹೊಡೀತಿದ್ದೆ. ಈಗ ಮೂರು. ಜೋಡಿ ಗಟ್ಟಿಯಾಗಿ ಹಿಡ್ಕೊಂಡ್ರೆ ನಡುಗಿದ್ರೂ ಬಿಚ್ಚಲ್ಲ.”

“ಆರು ವರ್ಷ ನನ್ನ ಕೈಚಳಕ ಅಂತ ಮೀಸೆ ತಿರುವ್ತಾ ಇದ್ನಲ್ಲೇ. ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಅವತ್ತೇ ಬಿಟ್ಟುಬಿಡ್ತಿದ್ರಿ. ಈಗ ಬಿಡ್ತಾ ಇದ್ದೀರಲ್ಲ, ಹಾಗೆ.”

ಮಾವ ಎದ್ದು ಹೋದರು. ಅತ್ತೆ ಅವರನ್ನು ಕರೆಯಲಿಲ್ಲ. ಅವರನ್ನು ನೋಯಿಸಿದೆನಲ್ಲ ಎಂದು ಅವಳು ಅಡುಗೆಮನೆಯಲ್ಲಿ ಅತ್ತದ್ದು ನನಗೆ ಗೊತ್ತು. ಕಣ್ಣಿಗೆ ನೀರು ಬರಬಾರದೆಂದು ಡಾಕ್ಟರು ಹೇಳಿದ್ದರು, ಬೈದು ಸುಮ್ಮನಾಗಿಸಿದೆ.

ಮರುದಿನ ಬೆಳಿಗ್ಗೆ ಮಾವ ತಾವೇ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಅತ್ತೆ ಬಗ್ಗಿ ಕೆಲಸ ಮಾಡುವಂತಿರಲಿಲ್ಲ. ನಾನು ಕೈ ಚಾಚಿದೆ. ಇಬ್ಬರೂ ಒಟ್ಟಿಗೇ ಬೇಡವೆಂದರು, ಅದೂ ನ್ಯಾಯವೇ. ಮದುವೆಯಾದ ಮೇಲೆ ಮಾವ ಮೊದಲ ಸಲ ವಾರ್ನಿಷ್ ಹೊಡೆದರು, ಅಂಗಿಗೆ ಅರ್ಧ, ಎಲೆಗೆ ಅರ್ಧ. ಒಣಗಿದ ಮೇಲೆ ಅತ್ತೆ ಕಿವಿಗೆ ಹಿಡಿದು ಹನ್ನೊಂದು ಜೋಡಿಯನ್ನು ವಾಪಸು ಮಾಡಿದಳು. ಹಲ್ಲು ಕಚ್ಚಿ ಮತ್ತೆ ಹೊಡೆದರು. ಇಷ್ಟು ವರ್ಷ ಇದನ್ನೆಲ್ಲ ಒಬ್ಬಳೇ ಮಾಡಿದೆಯಾ ಎಂದು ಎರಡು ಸಲ ಕೇಳಿದರು.

ಭಾನುವಾರ ಮುಂದಿನ ಸಾಲಿನಲ್ಲಿದ್ದ ಎರಡು ಜಡೆಯ ಹುಡುಗಿ ಡೈಮನ್ ಏಳು ಎಂದಳು. ನಡುಗುವ ಕೈಯಲ್ಲೇ ಮಾವ ಕಟ್ಟು ಹರಡಿದರು. ಅತ್ತೆ ನನ್ನ ಮಣಿಕಟ್ಟು ಹಿಡಿದು ಉಗುರೂರಿದ್ದಳು. ಬೋರಲಾಗಿದ್ದದ್ದು ಒಂದೇ ಎಲೆ. ಹುಡುಗಿ ಅದನ್ನು ತಾನೇ ತಿರುಗಿಸಿ ನೋಡಿ ಕಿರುಚಿಬಿಟ್ಟಳು.

ಮನೆಗೆ ಬಂದು ಮಾವ ಅಂಗಿ ಕೂಡ ಬದಲಿಸದೆ ಪೆಟ್ಟಿಗೆ ತೆರೆದರು. ಮುಚ್ಚಳದ ಚೀಟಿಯಲ್ಲಿ ಹಳೆಯ ಸಾಲನ್ನು ಹೊಡೆದುಹಾಕಿ, ಕೆಳಗೆ ಸೊಟ್ಟ ಅಕ್ಷರದಲ್ಲಿ ಬರೆದರು: ‘ಮೂರು ಕೋಟ್. ಕೈ ನಡುಗುತ್ತದೆ.’

ಅತ್ತೆ ನನ್ನಿಂದ ಓದಿಸಿಕೊಂಡು ಕೇಳಿದಳು.

“ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದೆಯಾ? ನಾಲ್ಕು ಕೋಟ್ ಆದಾಗ ಬೇಕಾಗುತ್ತೆ,” ಎಂದಳು.

ಮಾವ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇದೆ ಎಂದರು.