ಕಂಬಳಿ, ನಿಂಬೆಹಣ್ಣು, ಕನ್ನಡಿ

ಒಂದು ತಿಂಗಳ ಹಿಂದೆ ಯಾರೋ ಹೇಳಿದ ಮೂರು ಪದ ಇವತ್ತು ನಿಮಗೆ ನೆನಪಿರುತ್ತದೆಯೇ? ನನಗಂತೂ ಇರಲಿಲ್ಲ. ಹೇಳಿದವನು ನಾನೇ ಆಗಿದ್ದರೂ!

ನನ್ನ ಡಾಕ್ಟರ್ ಗೆಳೆಯನೊಬ್ಬ ವಯಸ್ಸಾದವರ ಮರೆವಿನ ಕಾಯಿಲೆ ಪತ್ತೆಹಚ್ಚುವ ಹತ್ತೇ ನಿಮಿಷದ ಟೆಸ್ಟ್ ಹಿಡಿದು ನಮ್ಮ ಕಡೆ ಓಡಾಡುತ್ತಿದ್ದಾನೆ. ಪೇಟೆಯವರಿಗೆಂದು ಮಾಡಿದ ಪ್ರಶ್ನೆಗಳು ಕುಂದೂರು, ಹೊಂಗಡಹಳ್ಳದ ಅಜ್ಜಿಯರಿಗೆ ಹೊಂದುತ್ತವೆಯೇ ಎಂದು ನೋಡಬೇಕಂತೆ. ಅದಕ್ಕೇ ಮೊದಲು ಟೆಸ್ಟ್, ಆಮೇಲೆ ಗಂಟೆಗಟ್ಟಲೆ ಪೂರ್ತಿ ತಪಾಸಣೆ. ಎರಡೂ ತಾಳೆಯಾದರೆ ಟೆಸ್ಟ್ ಪಾಸು. ಅವನ ಬೆಂಗಳೂರು ಕನ್ನಡ ಇಲ್ಲಿಯವರ ಕಿವಿಗೆ ಹತ್ತುವುದಿಲ್ಲವೆಂದು ಪ್ರಶ್ನೆ ಓದುವ ಕೆಲಸ ನನಗೆ. (ಸಂಬಳ, ಹೋದಲ್ಲೆಲ್ಲ ಕಾಫಿ.)

ಕುಂದೂರಿನ ಹತ್ತಿರದ ಲಕ್ಕಮ್ಮಜ್ಜಿ ಮನೆಯಲ್ಲಿ ಕಾಫಿ ಕೊಡುವಾಗಲೇ ಸೊಸೆ ತೀರ್ಪು ಕೊಟ್ಟುಬಿಟ್ಟಳು. "ಅತ್ತೆಗೆ ಅರಳುಮರಳು ಕಣಣ್ಣ. ಒಲೆ ಮ್ಯಾಲೆ ಹಾಲಿಟ್ಟು ಕೊಟ್ಟಿಗೆಗೆ ಹೋಗ್ಬುಟ್ರು. ಮನೆ ತುಂಬ ಹೊಗೆ! ಈಗ ಬೆಂಕಿಪೊಟ್ಣ ಕೈಗೆ ಕೊಡಾಕಿಲ್ಲ."

ಅರವತ್ತು ವರ್ಷ ಆ ಒಲೆ ಹಚ್ಚಿದ ಅಜ್ಜಿ ತಲೆ ತಗ್ಗಿಸಿ ಕೂತಿದ್ದರು. "ಡಾಕ್ಟ್ರು ಸರಿ ಅಂದ್ರೆ ಕೊಡ್ತೀಯಾ?" ಎಂದು ಕೇಳಿದರು.

"ಹೂಂ, ಕೊಡ್ತೀನಿ" ಎಂದಳು ಸೊಸೆ.

ಇವತ್ತು ತಾರೀಕೆಷ್ಟು? ಗೊತ್ತಿಲ್ಲ. ಇಸವಿ? ಗೊತ್ತಿಲ್ಲ. ಒಂದೊಂದೇ ಮಾರ್ಕು ಹೋಗುತ್ತಿತ್ತು. "ಮೂರು ಪದ ಹೇಳ್ತೀನಿ ಅಜ್ಜಿ, ನೆನಪಿಟ್ಕಳಿ, ಆಮೇಲೆ ಕೇಳ್ತೀನಿ" ಎಂದು ಓದಿ ಹೇಳಿದೆ. ಐದು ನಿಮಿಷ ಬಿಟ್ಟು ಕೇಳಬೇಕು. ಅಷ್ಟರಲ್ಲಿ ಪಕ್ಕದ ಎಸ್ಟೇಟಿನಿಂದ ಒಬ್ಬ ಏದುಸಿರು ಬಿಡುತ್ತಾ ಓಡಿಬಂದ. (ಮೊಬೈಲ್ ಸಿಗ್ನಲ್ ಇನ್ನೂ ನಮ್ಮ ಕಡೆಗೆ ಬಂದಿಲ್ಲವಲ್ಲ!) ಮೆಣಸು ಕೊಯ್ಯುತ್ತಿದ್ದವನು ಏಣಿಯಿಂದ ಬಿದ್ದಿದ್ದನಂತೆ. ಡಾಕ್ಟರ್ ಫಾರಂ ಮಡಚಿ ಜೀಪು ಹತ್ತಿದ. ನಾನೂ ಹತ್ತಿದೆ.

ಮತ್ತೆ ಹೋದದ್ದು ಮೊನ್ನೆ, ಭರ್ತಿ ಒಂದು ತಿಂಗಳಿಗೆ. ಚಪ್ಪಲಿ ಬಿಡುವಷ್ಟರಲ್ಲೇ ಅಜ್ಜಿ ಎದ್ದು ಬಂದರು.

"ಕಂಬಳಿ, ನಿಂಬೆಹಣ್ಣು, ಕನ್ನಡಿ. ತಗಳಪ್ಪ, ಹೊತ್ತು ಹೊತ್ತು ಸಾಕಾಗೈತೆ!"

ನಾನು ಡಾಕ್ಟರ್ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಇಬ್ಬರಿಗೂ ನೆನಪಿಲ್ಲ! ಬ್ಯಾಗಿನಿಂದ ಹಳೇ ಫಾರಂ ತೆಗೆದು ನೋಡಿದರೆ, ಅಯ್ಯೋ ದೇವರೇ, ಮೂರೂ ಸರಿ. ಅದೇ ಕ್ರಮದಲ್ಲಿ.

"ಕೇಳ್ತೀನಿ ಅಂದೋನು ಕೇಳ್ದಂಗೆ ಹೋಗ್ಬುಟ್ಟೆ ಮಾರಾಯ. ಇದು ಕಳ್ಕಂಡ್ರೆ ನನ್ನೊಲೆ ಹೋಯ್ತದೆ ಅಂತ ದಿನಾ ಎದ್ದೇಟ್ಗೆ ಒಂದ್ಸಲ, ಮಲಗೋ ಮುಂಚೆ ಒಂದ್ಸಲ ಹೇಳ್ಕಂತಿದ್ದೆ."

ಪೂರ್ತಿ ತಪಾಸಣೆಯೂ ಅವತ್ತೇ ಆಯಿತು. ಮುಗಿಸಿ ಎದ್ದ ಡಾಕ್ಟರ್ ಸೊಸೆಗೆ ಹೇಳಿದ: "ಇವರಿಗೆ ಯಾವ ಮರೆವಿನ ಕಾಯಿಲೆಯೂ ಇಲ್ಲಮ್ಮ. ಹಾಲು ಸೀಯದ ಮನೆ ಯಾವುದಿದೆ? ತಾರೀಕು, ಇಸವಿ ಕಟ್ಟಿಕೊಂಡು ಇವರಿಗೇನಾಗಬೇಕು? ತಪ್ಪು ನನ್ನ ಪ್ರಶ್ನೆಯದು."

ಸೊಸೆ ಬೆಂಕಿಪೊಟ್ಟಣ ತಂದು ಅತ್ತೆಯ ಕೈಗಿಟ್ಟಳು. ಅಜ್ಜಿಯೇ ಒಲೆ ಹಚ್ಚಿ ಕಾಫಿ ಕಾಸಿದರು. ನನ್ನ ಲೋಟಕ್ಕೆ ಸಕ್ಕರೆ ಇಲ್ಲ. ಹೋದ ಸಲ ಬೇಡ ಅಂದಿದ್ದೆನಂತೆ. ಅದೂ ನನಗೆ ನೆನಪಿಲ್ಲ.

ಐದು ನಿಮಿಷ ನೆನಪಿಟ್ಟವರಿಗೆ ಆ ಫಾರಮ್ಮಿನಲ್ಲಿ ಮೂರು ಮಾರ್ಕು. ಒಂದು ತಿಂಗಳು ಇಟ್ಟುಕೊಂಡವರಿಗೆ ಎಷ್ಟು ಕೊಡಬೇಕೋ, ಡಾಕ್ಟರಿಗೇ ಗೊತ್ತಿಲ್ಲ.

"ಆಮೇಲೆ ಕೇಳ್ತೀನಿ" ಎಂದು ಹೇಳಿ ಮರೆತೇಬಿಟ್ಟ ನಮ್ಮಿಬ್ಬರಿಗೆ ಎಷ್ಟು?