ರಟ್ಟಿನ ಮೇಲಿನ ಹಸಿರು ಹನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ಅಂಗಳದಲ್ಲಿ ಟ್ಯಾಕ್ಸಿಗಳು ಸಾಲಾಗಿ ನಿಂತಿವೆ. ಎಣ್ಣೆ ಕಲೆಯ ನೀಲಿ ಅಂಗಿ ತೊಟ್ಟ ಹೆಂಗಸೊಬ್ಬರು ಒಂದೊಂದೇ ಗಾಡಿಯ ಮೂತಿಯ ಕೆಳಗೆ ಕೈ ಹಾಕಿ, ರಾತ್ರಿ ಹಾಸಿಟ್ಟಿದ್ದ ರಟ್ಟನ್ನು ಎಳೆದು ತೆಗೆದು ಬಲ್ಬಿನ ಬೆಳಕಿಗೆ ಹಿಡಿಯುತ್ತಾರೆ. ಕಪ್ಪು ಕಲೆಯಾದರೆ ಎಂಜಿನ್ ಆಯಿಲ್. ಬರಿಯ ನೀರಿನ ಗುರುತಾದರೆ ಎ.ಸಿ.ಯದು, ಚಿಂತೆಯಿಲ್ಲ. ಮೂರನೆಯ ರಟ್ಟಿನಲ್ಲಿ ಹಸಿರು ಹನಿಯೊಂದು ಕಾಣುತ್ತದೆ, ಸುತ್ತ ತುಕ್ಕಿನ ಬಣ್ಣದ ಅಂಚು. ಬೆರಳಿಗೆ ಹಚ್ಚಿಕೊಂಡು ಮೂಸುತ್ತಾರೆ. ಸಿಹಿ ವಾಸನೆ, ಎಂಜಿನ್ನನ್ನು ತಂಪಾಗಿಡುವ ಕೂಲಂಟಿನದು. ಸೀಟಿನಲ್ಲೇ ಮಲಗಿದ್ದ ಡ್ರೈವರನ್ನು ಗಾಜು ತಟ್ಟಿ ಎಬ್ಬಿಸುತ್ತಾರೆ.

“ಏಳಣ್ಣ, ನಿನ್ನ ಗಾಡಿ ರಾತ್ರಿಯೆಲ್ಲ ಅತ್ತಿದೆ.”

“ಮನೇಲಿ ಹೆಂಡ್ತಿ ಅಳ್ತಾಳೆ, ಇಲ್ಲಿ ಗಾಡಿ ಅಳುತ್ತೆ. ನಾನೇನಕ್ಕಾ ಪಾಪ ಮಾಡಿದ್ದು?”

“ಕೂಲಂಟಿಗೆ ನಲ್ಲಿ ನೀರು ಬೆರೆಸಿದ್ದೀಯ, ಒಳಗೆ ತುಕ್ಕು ಹಿಡಿದಿದೆ. ಹೆಂಡ್ತಿ ಕಥೆ ನಂಗೊತ್ತಿಲ್ಲ.”

ಡ್ರೈವರುಗಳ ಬಾಯಲ್ಲಿ ಇವರು ರಟ್ಟಕ್ಕ. ಐವತ್ತರ ಆಸುಪಾಸಿನವರು. ಗ್ಯಾರೇಜು ಅಪ್ಪನದು, ರಟ್ಟಿನ ಪದ್ಧತಿಯೂ ಅಪ್ಪನದೇ. ಹಾಸುವ ಮೊದಲು ರಟ್ಟಿನ ಮೂಲೆಯಲ್ಲಿ ಸೀಮೆಸುಣ್ಣದಿಂದ ಬಾಣ ಬರೆಯಬೇಕು. ಗಾಡಿಯ ಮೂತಿ ಎತ್ತ ಇತ್ತೆಂದು ಅದು ಹೇಳುತ್ತದೆ. ಬಾಣವಿಲ್ಲದಿದ್ದರೆ ಹನಿ ಬಿದ್ದದ್ದು ಬೆಲ್ಟಿನ ಪಕ್ಕವೋ ಇನ್ನೊಂದು ಪಕ್ಕವೋ ತಿಳಿಯುವುದಿಲ್ಲ. ಅಪ್ಪ ಹೋದ ಮೇಲೆ ಬಂದವರೆಲ್ಲ “ಮೇಸ್ತ್ರಿ ಇಲ್ವಾ?” ಎಂದು ಕೇಳುತ್ತಿದ್ದರಂತೆ. “ಇದ್ದೀನಲ್ಲ ಅಂದ್ರೆ, ನನ್ನ ಹಿಂದೆ ಇಣುಕಿ ನೋಡೋರು” ಎಂದು ನಗುತ್ತಾರೆ. ಈಗ ದಿನಕ್ಕೆ ಐದಾರು ಗಾಡಿ ಬರುತ್ತವೆ. ಚಳಿಗಾಲದಲ್ಲಿ ಬೆರಳ ಗೆಣ್ಣುಗಳು ಊದುತ್ತವೆ, ಸ್ಪ್ಯಾನರ್ ಹಿಡಿಯುವ ಮುಂಚೆ ಬಿಸಿನೀರಿನಲ್ಲಿ ಕೈ ಅದ್ದಬೇಕಾಗುತ್ತದೆ.

ಕೂಲಂಟನ್ನು ಎಂಜಿನ್ನಿನ ಸುತ್ತ ಓಡಿಸುವ ವಾಟರ್ ಪಂಪು, ಬಿಚ್ಚಿದ ಹಳೆಯದೊಂದನ್ನು ಅಂಗೈಯಲ್ಲಿಟ್ಟುಕೊಂಡು ತೋರಿಸುತ್ತಾರೆ. ಹೊಟ್ಟೆಯ ಕೆಳಗೆ ಕಡ್ಡಿ ತೂರುವಷ್ಟು ಸಣ್ಣ ತೂತು. “ಒಳಗಿನ ಸೀಲ್ ಸವೆದ್ರೆ ಮೊದ್ಲು ಇಲ್ಲಿ ಹನಿಯುತ್ತೆ. ಆಮೇಲೆ ಬೇರಿಂಗ್ ಕೀರಲು ದನಿ ತೆಗೆಯುತ್ತೆ. ಆಮೇಲೆ ಬಿಸಿ ತೋರಿಸೋ ಮೀಟರಿನ ಮುಳ್ಳು ಮೇಲಕ್ಕೆ ಏರುತ್ತೆ. ಮುಳ್ಳು ಏರಿದ ಮೇಲೆ ಬರ್ತಾರೆ ನಮ್ಮ ಜನ! ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಹಾಗೆ.” ಎಂಜಿನ್ ಬಿಸಿಯಿರುವಾಗ ಮುಚ್ಚಳ ತೆರೆಯಬೇಡಿ, ಕೂಲಂಟನ್ನು ಕಾಲಕಾಲಕ್ಕೆ ಬದಲಿಸಿ, ಬೆಲ್ಟನ್ನು ಅತಿಯಾಗಿ ಬಿಗಿಯಬೇಡಿ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ ಆಗಿದ್ದರೆ, ಬೆಲ್ಟ್ ಬದಲಿಸುವಾಗ ಪಂಪನ್ನೂ ಬದಲಿಸಿಬಿಡಿ, ಬಿಚ್ಚುವ ಕೆಲಸ ಒಂದೇ ಎನ್ನುತ್ತಾರೆ.

ಈ ಕೊನೆಯ ಮಾತಿಗೇ ರಟ್ಟಕ್ಕನ ತಂಗಿ ಮನೆ ಬಿಟ್ಟದ್ದು.

ಅಕ್ಕತಂಗಿ ಸೇರಿ ಗುಜರಿಯಿಂದ ತಂದು ಎಬ್ಬಿಸಿದ ಕೆಂಪು ಕಾರು ಅದು. ತಂಗಿ ಅದನ್ನು ಟ್ಯಾಕ್ಸಿಯಾಗಿ ಓಡಿಸುತ್ತಿದ್ದಳು. ಹೋದ ವರ್ಷ ಬೆಲ್ಟ್ ಬದಲಿಸುವಾಗ ಅಕ್ಕ ಪಂಪನ್ನೂ ತೆಗೆ ಎಂದರು. ಸೋರದ ಪಂಪನ್ನು ಯಾಕೆ ತೆಗೆಯಬೇಕೆಂದು ತಂಗಿ ಪಟ್ಟು ಹಿಡಿದಳು. “ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ನನ್ನ ಮೊಲಕ್ಕೂ ಅಷ್ಟೇ ಬಿಡಿ.” ಮಾತಿಗೆ ಮಾತು ಬೆಳೆಯಿತು. ತಂಗಿ ಹಳೆಯ ಪಂಪಿನಲ್ಲೇ ಗಾಡಿ ಹತ್ತಿ ಗುಡ್ಡದ ಮೇಲಿನ ಊರಿಗೆ ಹೊರಟುಹೋದಳು. ಅಂದಿನಿಂದ ಮಾತಿಲ್ಲ, ಫೋನಿಲ್ಲ.

ಕಪಾಟಿನಲ್ಲಿ ಬಟ್ಟೆ ಸುತ್ತಿಟ್ಟ ಹೊಸ ಪಂಪೊಂದಿದೆ. ಯಾರು ಕೇಳಿದರೂ ಅದು ಮಾರಾಟಕ್ಕಿಲ್ಲ. ಅಂಗಳದ ಮೂಲೆಯಲ್ಲಿ ಕೆಂಪು ಕಾರು ನಿಲ್ಲುತ್ತಿದ್ದ ಜಾಗ ಖಾಲಿ. ಅಲ್ಲಿಗೂ ದಿನಾ ಸಂಜೆ ಒಂದು ರಟ್ಟು ಹಾಸುತ್ತಾರೆ. ಬೆಳಿಗ್ಗೆ ತೆಗೆದು ಧೂಳು ಕೊಡವುತ್ತಾರೆ. ಗುಡ್ಡದ ಕಡೆಯಿಂದ ಬಂದ ಡ್ರೈವರುಗಳನ್ನೆಲ್ಲ ಒಂದೇ ಮಾತು ಕೇಳುತ್ತಾರೆ: “ಕೆಂಪು ಗಾಡಿ ಸಿಕ್ತಾ? ಬೆಲ್ಟ್ ಹತ್ರ ಏನಾದ್ರೂ ಸದ್ದು ಬರ್ತಿತ್ತಾ?” ತಂಗಿ ಹೇಗಿದ್ದಾಳೆ ಎಂದು ಮಾತ್ರ ಕೇಳುವುದಿಲ್ಲ.

ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಗುಡ್ಡದ ದಾರಿಯ ಮೀಸೆ ಡ್ರೈವರ್ ಬರುತ್ತಾರೆ. ಅವರ ಕಂಕುಳಲ್ಲಿ ಮಡಚಿದ ರಟ್ಟು.

“ತಗೊಳ್ಳಮ್ಮ. ನಿನ್ನ ತಂಗಿ ಕೊಟ್ಲು.”

“ಏನಂದ್ಲು?”

“ಏನೂ ಅನ್ಲಿಲ್ಲ. ಅಕ್ಕಂಗೆ ಕೊಡಿ, ನೋಡ್ತಾಳೆ ಅಂದ್ಲು. ಇಬ್ರ ಬಾಯೂ ಬಾಡಿಗೆಗೆ ಹೋಗಿದೆಯಾ?”

ರಟ್ಟಕ್ಕ ಕೈ ಒರೆಸಿಕೊಂಡು ರಟ್ಟು ಬಿಚ್ಚುತ್ತಾರೆ. ಒಂದಲ್ಲ, ಹಸಿರು ಹನಿಗಳ ಗುಂಪೇ ಇದೆ; ಬೆಲ್ಟಿನ ಪಕ್ಕದಲ್ಲಿ ಒಂದರ ಮೇಲೊಂದು ಬಿದ್ದು ಹರಡಿವೆ.

“ಗಾಡಿ ಇಳಿಸ್ಕೊಂಡು ಬಾ ಅಂತ ಹೇಳ್ಲೇನಮ್ಮ? ಇಳಿಜಾರು ತಾನೆ, ನಿಧಾನಕ್ಕೆ ಬರ್ತಾಳೆ” ಎನ್ನುತ್ತಾರೆ ಮೀಸೆ ಡ್ರೈವರ್.

ಒಂದು ವರ್ಷದಿಂದ ಕಾದದ್ದು ಅದಕ್ಕೇ. ಹ್ಞೂಂ ಎಂದರೆ ಸಾಕು, ನಾಳೆ ಬೆಳಿಗ್ಗೆ ಖಾಲಿ ಮೂಲೆ ತುಂಬುತ್ತದೆ. ರಟ್ಟಕ್ಕ ಆ ಮೂಲೆಯ ಕಡೆಗೊಮ್ಮೆ ನೋಡಿ ಅಡ್ಡಡ್ಡ ತಲೆಯಾಡಿಸುತ್ತಾರೆ.

“ಬೇಡಣ್ಣ. ಪಂಪ್ ತಿರುಗದೆ ಹಿಡ್ಕೊಂಡ್ರೆ ಬೆಲ್ಟ್ ಹರಿಯುತ್ತೆ. ಬೆಲ್ಟ್ ಹರಿದ್ರೆ ತಿರುವಲ್ಲೇ ಎಂಜಿನ್ ಸಾಯುತ್ತೆ. ಗಾಡಿ ಮುಟ್ಟಬೇಡ ಅಂತ ಈಗ್ಲೇ ಫೋನ್ ಮಾಡಿ ಹೇಳಿ. ನಾನೇ ಬರ್ತೀನಿ, ಕರ್ಕೊಂಡು ಹೋಗಿ.”

ಬಟ್ಟೆ ಸುತ್ತಿದ ಪಂಪು ಕಪಾಟಿನಿಂದ ಇಳಿಯುತ್ತದೆ. ಜೊತೆಗೆ ಗ್ಯಾಸ್ಕೆಟ್, ಹೊಸ ಬೆಲ್ಟ್, ಒಂದು ಕ್ಯಾನ್ ಕೂಲಂಟ್. ಅಪ್ಪನ ಕಾಲದಿಂದ ಹಗಲಲ್ಲಿ ಮುಚ್ಚದ ಗ್ಯಾರೇಜಿನ ಶಟರ್ ಕಿರುಗುಟ್ಟುತ್ತಾ ಕೆಳಗೆ ಬರುತ್ತದೆ.

ತಂಗಿ ತಪ್ಪಾಯಿತು ಅನ್ನಬೇಕೇ ಎಂದು ಮೀಸೆ ಡ್ರೈವರ್ ಕೇಳುತ್ತಾರೆ. “ಅದೆಲ್ಲ ಬೇಡ. ನಾನು ಬೋಲ್ಟ್ ಬಿಚ್ಚುವಾಗ ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು ನಿಂತ್ರೆ ಸಾಕು. ಬೈಕೊಂಡು ನಿಂತ್ರೂ ಸರಿ.”

ಅವರ ಗಾಡಿ ಹತ್ತಿದ ಮೇಲೆ ರಟ್ಟಕ್ಕ ಮಡಿಲಲ್ಲಿದ್ದ ರಟ್ಟನ್ನು ಮತ್ತೆ ಬಿಚ್ಚಿ, ಮೂಲೆಯ ಸೀಮೆಸುಣ್ಣದ ಗೆರೆಯ ಮೇಲೆ ಬೆರಳಿಡುತ್ತಾರೆ, ಅಳಿಸದ ಹಾಗೆ ಮೆಲ್ಲಗೆ.

“ನೋಡಿ, ಬಾಣ ಹಾಕೋದು ಮರೆತಿಲ್ಲ.”