ಅಲ್ಲ ಎನ್ನುವ ಕುರ್ಚಿ

ತೂಕವಿರುವ ಎರಡು ವಸ್ತುಗಳು ಒಂದನ್ನೊಂದು ಎಳೆಯುತ್ತವೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತು. ಆ ವಸ್ತುಗಳು ಕಾಳಿನಷ್ಟು ಚಿಕ್ಕವಾದಾಗ ಎಷ್ಟು ಎಳೆಯುತ್ತವೆ ಎಂಬುದನ್ನು ಕೂದಲಿಗಿಂತ ತೆಳುವಾದ ತಂತಿಗೆ ತೂಗುಹಾಕಿ ಅಳೆದು ತೋರಿಸಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ. ಅವರ ಅಳತೆ ಇಂದು ಹಲವು ದೇಶಗಳ ಪಠ್ಯಪುಸ್ತಕಗಳಲ್ಲಿದೆ. ಅದರ ಹಿರಿಮೆಯನ್ನು ಈ ಅಭಿನಂದನಾ ಗ್ರಂಥದಲ್ಲಿ ನನಗಿಂತ ದೊಡ್ಡವರು ವಿವರಿಸಿದ್ದಾರೆ. ಎಂಟನೆಯ ತರಗತಿಗೇ ಶಾಲೆಗೆ ಶರಣು ಹೊಡೆದು, ಈಗ ಅವರ ಪ್ರಯೋಗಾಲಯದ ಪಂಪು ನೋಡಿಕೊಳ್ಳುತ್ತಿರುವ ನಾನು, ಆ ದೊಡ್ಡವರು ಬಿಟ್ಟದ್ದನ್ನು ಬರೆಯುತ್ತೇನೆ. ಸಂಪಾದಕರು "ಸವಿನೆನಪು ಬರಿಯಪ್ಪಾ, ಸಿಟ್ಟು ಬೇಡ" ಎಂದಿದ್ದಾರೆ. ನೋಡೋಣ.

ಈ ಕೆಲಸಕ್ಕೆ ನನ್ನನ್ನು ಕರೆತಂದವರು, ಮೊದಲಿನಿಂದ ಇಲ್ಲಿ ಪಂಪು ನೋಡಿಕೊಳ್ಳುತ್ತಿದ್ದ ನನ್ನ ಸೋದರಮಾವ. ತೂಗುವ ತಂತಿಯಿರುವ ಉಕ್ಕಿನ ಪೆಟ್ಟಿಗೆಯೊಳಗೆ ಗಾಳಿಯ ಸುಳಿವೂ ಇರಬಾರದು. ಇದ್ದರೆ ತಂತಿ ಅಲುಗುತ್ತದೆ, ಅಳತೆ ಸುಳ್ಳಾಗುತ್ತದೆ. ಆ ಗಾಳಿಯನ್ನು ಹೊರಗೆಳೆಯುವುದು ನಮ್ಮ ಪಂಪಿನ ಕೆಲಸ. ಮೊದಲ ದಿನ ಮಾವ ನನ್ನನ್ನು ಮುಂದೆ ನಿಲ್ಲಿಸಿ, "ಹುಡುಗ ಚುರುಕು ಮೇಡಂ, ಸಿಟ್ಟು ಮಾತ್ರ ಮೂಗಿನ ತುದೀಲಿ. ಇವನ ಸಿಟ್ಟನ್ನ ಪಂಪಿಗೆ ಕೊಟ್ಟರೆ ಕರೆಂಟೇ ಬೇಡ" ಎಂದರು. ಮೇಡಂ ನಗಲಿಲ್ಲ. "ಒಳ್ಳೇದಾಯ್ತು. ಇಲ್ಲಿ ಹೂಂ ಅನ್ನೋರು ಜಾಸ್ತಿ ಆಗಿದಾರೆ" ಎಂದರು.

ಅವರ ಪ್ರಯೋಗಾಲಯದಲ್ಲಿ ಒಂದು ಕೈ ಮುರಿದ ಮರದ ಕುರ್ಚಿಯಿದೆ. ಶನಿವಾರ ಬೆಳಿಗ್ಗೆ ವಾರದ ಫಲಿತಾಂಶವನ್ನು ಎಲ್ಲರ ಮುಂದಿಟ್ಟಾಗ, ಅದರಲ್ಲಿ ಕೂತವರು ಮನಸ್ಸೊಳಗೆ ಒಪ್ಪಿದ್ದರೂ 'ಅಲ್ಲ' ಎನ್ನಲೇಬೇಕು, ಕಾರಣವನ್ನೂ ಕೊಡಬೇಕು. ಸಂಶೋಧಕರು, ಮಾವ, ನಾನು, ಸ್ವತಃ ಮೇಡಂ, ಹೀಗೆ ಸರದಿ ಎಲ್ಲರಿಗೂ ಬರುತ್ತದೆ. ನನ್ನ ಕಾರಣಗಳು ಬಹುಪಾಲು ತಪ್ಪೇ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದೇ ಹೆಚ್ಚು. ಆದರೂ ಅವರು ನನ್ನನ್ನು ಕರಿಹಲಗೆಯ ಮುಂದೆ ನಿಲ್ಲಿಸಿ, ತಪ್ಪು ಎಲ್ಲಿದೆಯೆಂದು ನನ್ನ ಕಣ್ಣಿಗೇ ಕಾಣುವವರೆಗೆ ಬಿಡುತ್ತಿರಲಿಲ್ಲ. ಎದುರು ಮಾತಾಡಿದನೆಂದು ಶಾಲೆಯಲ್ಲಿ ನನ್ನನ್ನು ಹೊರಗೆ ನಿಲ್ಲಿಸಿದ್ದರು. ಇಲ್ಲಿ ಎದುರು ಮಾತಾಡಲೆಂದೇ ಒಳಗೆ ಕೂರಿಸಿದರು.

ಮಾವನ ಕಿವಿ ಮಂದವಾದದ್ದು ನಾನು ಸೇರಿದ ಮರುವರ್ಷ. ಪಂಪು ಕೆಡುವ ಮುಂಚೆ ಅದರ ಸದ್ದು ಬದಲಾಗುತ್ತದೆ. ಅದು ಕೇಳಿಸದವನು ಇಲ್ಲೇಕೆ ಎಂದು ಮೇಲಿನ ಮಹಡಿಯ ಆಡಳಿತ ಕಚೇರಿಯಲ್ಲಿ ಮಾತು ಶುರುವಾಯಿತು. ಮೇಡಂ ಯಾರೊಂದಿಗೂ ವಾದಕ್ಕಿಳಿಯಲಿಲ್ಲ. ಪಂಪಿನ ಪಕ್ಕದಲ್ಲಿ ತಾವೇ ತಂತಿ ಎಳೆದು ಒಂದು ಕೆಂಪು ದೀಪ ಹಾಕಿದರು. ಪೆಟ್ಟಿಗೆಯೊಳಗೆ ಗಾಳಿ ಹೆಚ್ಚಿದರೆ ಅದು ಹೊತ್ತಿಕೊಳ್ಳುತ್ತದೆ. ಕೇಳಿದವರಿಗೆಲ್ಲ, "ನಂಗೂ ಆ ಸದ್ದು ತಿಳಿಯಲ್ಲ, ಅದಕ್ಕೇ ಹಾಕ್ದೆ" ಎಂದರು.

ಇತ್ತೀಚಿನ ವರ್ಷಗಳಲ್ಲಿ ಅವರು ಹಿಡಿದ ಪ್ರಶ್ನೆ ಇದು: ಎರಡು ಲೋಹದ ಬಿಲ್ಲೆಗಳನ್ನು ಇನ್ನೇನು ಮುಟ್ಟಿಕೊಂಡವು ಎನ್ನುವಷ್ಟು ಹತ್ತಿರ ತಂದರೆ, ಅವುಗಳ ಎಳೆತ ಲೆಕ್ಕ ಹೇಳುವುದಕ್ಕಿಂತ ಹೆಚ್ಚಾಗುತ್ತದೆಯೇ? ಹೆಚ್ಚಾಗುತ್ತದೆ ಎಂಬುದು ಮೇಡಂ ಅವರ ಊಹೆ. ಅದಕ್ಕಾಗಿ ಅವರನ್ನು ನೋಡಿ ನಕ್ಕವರು ಕಡಿಮೆಯಿಲ್ಲ. ಈ ವರ್ಷ ಆ ಹೆಚ್ಚುವರಿ ಎಳೆತ ಕಂಡೇಬಿಟ್ಟಿತು. ಸಣ್ಣದು, ಆದರೆ ದಿನದಿನವೂ ಅಷ್ಟೇ.

ಸುದ್ದಿ ಸಂಸ್ಥೆಯ ನಿರ್ದೇಶಕರಿಗೆ ಮುಟ್ಟಿತು. "ಅಭಿನಂದನಾ ಸಮಾರಂಭದಲ್ಲೇ ಘೋಷಿಸಿಬಿಡೋಣ ಮೇಡಂ. ಆಮೇಲೆ ಈ ಕೋಣೆ ನಿಮಗೇ, ನಿವೃತ್ತಿ ಅಡ್ಡ ಬರಲ್ಲ" ಎಂದರು. ಘೋಷಣೆ ಇಲ್ಲದಿದ್ದರೆ ತಿಂಗಳ ಕೊನೆಗೆ ಕೋಣೆ ಖಾಲಿಯಾಗಬೇಕು, ಅಲ್ಲಿ ಅತಿಥಿಗಳ ವಿಶ್ರಾಂತಿ ಕೊಠಡಿ ಬರುತ್ತದೆ ಎಂಬುದನ್ನೂ ನಗುನಗುತ್ತಲೇ ಸೇರಿಸಿದರು. ಆಹ್ವಾನಪತ್ರಿಕೆಯೂ ಅಚ್ಚಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ.

ಆ ಶನಿವಾರ ಕುರ್ಚಿಯ ಸರದಿ ನನ್ನದು. ಒಂದು ಪರೀಕ್ಷೆ ಬಾಕಿಯಿರುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗಟ್ಟಿ ಬಿಲ್ಲೆಯನ್ನು ತೆಗೆದು, ಹೊರಗೆ ಹಾಗೆಯೇ ಕಾಣುವ, ಒಳಗೆ ಟೊಳ್ಳಾದ ಬಿಲ್ಲೆ ಇಡಬೇಕು. ಎಳೆತ ತೂಕದ್ದೇ ಆದರೆ ಕುಗ್ಗಬೇಕು. ಕುಗ್ಗದಿದ್ದರೆ ಅದು ಲೋಹದ ಮೈಗಂಟಿದ ವಿದ್ಯುತ್ತಿನ ಆಟ. ಆದರೆ ಪೆಟ್ಟಿಗೆ ತೆರೆದರೆ, ನುಗ್ಗಿದ ಗಾಳಿಯನ್ನು ಮತ್ತೆ ಎಳೆದು ತಂತಿ ಸುಮ್ಮನಾಗುವಷ್ಟರಲ್ಲಿ ಸಮಾರಂಭ ಮುಗಿದೇಹೋಗಿರುತ್ತದೆ. ಕೋಣೆ ಉಳಿಯಲಿ, ಮೇಡಂ ಗೆಲ್ಲಲಿ ಎಂಬ ಆಸೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ.

"ಈ ಸಲ ಏನೂ ಇಲ್ಲ ಮೇಡಂ" ಎಂದೆ ನಾನು.

"ಏನೂ ಇಲ್ವಾ? ಹಾಗಾದ್ರೆ ಏಳು, ಕುರ್ಚಿ ಬಿಡು. ನನ್ನ ಹೊಗಳೋಕೆ ಮೇಲಿನ ಮಹಡಿ ತುಂಬ ಜನ ಇದಾರೆ."

ಮೈಯೆಲ್ಲ ಉರಿದುಹೋಯಿತು. "ಟೊಳ್ಳು ಬಿಲ್ಲೆ ಇಟ್ಟು ನೋಡಿಲ್ಲ! ನೋಡದೆ ಊರಿಗೆಲ್ಲ ಡಂಗುರ ಹೊಡೆಯೋದಾ? ಸಾಕಾ?" ಎಂದು ಕೂಗಿಬಿಟ್ಟೆ.

"ಸಾಕು" ಎಂದರು ಮೇಡಂ. ಸೀದಾ ಹೋಗಿ ಪೆಟ್ಟಿಗೆಯ ಕವಾಟ ತಿರುಗಿಸಿದರು. ಗಾಳಿ ಒಳನುಗ್ಗಿತು, ಕೆಂಪು ದೀಪ ಹೊತ್ತಿಕೊಂಡಿತು.

ನಿರ್ದೇಶಕರು ಓಡಿ ಬಂದರು. "ಇಷ್ಟು ವರ್ಷದ ಕೆಲಸವನ್ನ ನಿಮ್ಮ ಕೈಯಾರೆ ಹಾಳು ಮಾಡ್ಕೊಂಡ್ರಲ್ಲ!"

"ಕೋಣೆ ನಿಮ್ಮದು ಸರ್, ತಗೊಳ್ಳಿ. ಪ್ರಶ್ನೆ ನಂದು."

ನಿರ್ದೇಶಕರು ಹೋದ ಮೇಲೆ ಮಾವ ಮೆಲ್ಲನೆ ಹತ್ತಿರ ಬಂದರು. "ಕೆಳಗೆ ಬನ್ನಿ ಮೇಡಂ. ನೆಲಮಾಳಿಗೇಲಿ ಪಂಪಿನ ಉಗ್ರಾಣ ಅರ್ಧ ಖಾಲಿ, ನೆಲಾನೂ ಗಟ್ಟಿ. ಯಾರಾದ್ರೂ ಬೀಗದಕೈ ಕೇಳಿದ್ರೆ ನಂಗೆ ಕಿವಿ ಕೇಳ್ಸಲ್ಲ."

ಮೇಡಂ ಗಟ್ಟಿಯಾಗಿ ನಕ್ಕದ್ದನ್ನು ನಾನು ಆವತ್ತೇ ಕಂಡದ್ದು. ಇದನ್ನೆಲ್ಲ ಬರೆಯಲೇ ಎಂದು ಮಾವನನ್ನು ಕೇಳಿದೆ. "ಬರಿ ಬರಿ. ನನ್ನ ಬೈಯೋರು ಜೋರಾಗಿ ಬೈಬೇಕಾಗತ್ತೆ ಅಷ್ಟೇ" ಎಂದರು.

ಈಗ ಉಪಕರಣಗಳೆಲ್ಲ ಕೆಳಗಿಳಿದಿವೆ. ಕುರ್ಚಿಯನ್ನು ಮಾತ್ರ ನಮಗೆ ಮುಟ್ಟಗೊಡದೆ ಮೇಡಂ ತಾವೇ ಹೊತ್ತು ತಂದರು. ಟೊಳ್ಳು ಬಿಲ್ಲೆ ಪೆಟ್ಟಿಗೆಯಲ್ಲಿದೆ, ಪಂಪು ಓಡುತ್ತಿದೆ, ಫಲಿತಾಂಶ ಇನ್ನೂ ಯಾರಿಗೂ ಗೊತ್ತಿಲ್ಲ. ಎಳೆತ ಕುಗ್ಗದಿದ್ದರೆ ಅವರ ಊಹೆ ಬಿದ್ದುಹೋಯಿತು. ಅದನ್ನು ಜಗತ್ತಿಗೆ ಮೊದಲು ಹೇಳುವವರು ಅವರೇ. ಈ ಗ್ರಂಥ ಬಿಡುಗಡೆಯಾಗುವ ದಿನ ವೇದಿಕೆಯಿಂದ ಇಳಿದ ಮೇಡಂ ಮನೆಗೆ ಹೋಗುವುದಿಲ್ಲ, ನೆಲಮಾಳಿಗೆಗೆ ಬರುತ್ತಾರೆ.

ಮೇಡಂ ನೂರ್ಕಾಲ ಬಾಳಲಿ. ತಂತಿ ಹಿಡಿಯುವ ಆ ಕೈ ಎಂದೂ ನಡುಗದಿರಲಿ. ಈ ಪ್ರಶ್ನೆ ಮುಗಿದರೆ ಇದಕ್ಕಿಂತ ಕಷ್ಟದ್ದೊಂದನ್ನು ಹಿಡಿಯಲಿ. ಅಲ್ಲಿಯವರೆಗೆ ಪಂಪು ನಿಲ್ಲುವುದಿಲ್ಲ, ಅದಕ್ಕೆ ನಾನು ಹೊಣೆ. ಇದಕ್ಕೆ ಅಲ್ಲ ಎನ್ನುವವರಿದ್ದರೆ ಶನಿವಾರ ಬೆಳಿಗ್ಗೆ ಕೆಳಗೆ ಬನ್ನಿ, ಕುರ್ಚಿ ಬಿಟ್ಟುಕೊಡುತ್ತೇನೆ. ಕಾರಣ ಮಾತ್ರ ಕೊಡಬೇಕು.